ಕಣ್ಣು ಚೆನ್ನಾಗೇ ಕಾಣುತ್ತೆ ಅನ್ನುವ ಹಿರಿಯರನ್ನೂ ಯಾಕೆ ಕಣ್ಣಿನ ಪರೀಕ್ಷೆಗೆ ಕರೆದುಕೊಂಡು ಹೋಗಬೇಕು

ನಮ್ಮ ದೊಡ್ಡಪ್ಪನ ಎಡಗಣ್ಣಿನ ವಿಷಯ ಮನೆಯವರಿಗೆ ಗೊತ್ತಾಗಿದ್ದು ಒಂದು ಧೂಳಿನ ಕಣದಿಂದ. ಬಲಗಣ್ಣಿಗೆ ಏನೋ ಬಿತ್ತು ಅಂತ ಅಂಗೈಯಲ್ಲಿ ಆ ಕಣ್ಣು ಮುಚ್ಚಿಕೊಂಡು, ಮುಖ ತೊಳೆಯೋಣ ಅಂತ ಎದ್ದರು. ಎರಡು ಹೆಜ್ಜೆ ಇಟ್ಟವರೇ ಪಕ್ಕದ ಕುರ್ಚಿಗೆ ಎಡವಿದರು. ದಿನಾ ಅಲ್ಲೇ ಇರುವ ಕುರ್ಚಿ. ನಿಂತಲ್ಲೇ ನಿಂತು ಒಮ್ಮೆ ಆ ಕಣ್ಣು, ಒಮ್ಮೆ ಈ ಕಣ್ಣು ಮುಚ್ಚಿ ತೆರೆದು ನೋಡಿದರು. "ಎಡಗಣ್ಣಲ್ಲಿ ನಿನ್ನ ಮುಖ ಕಾಣುತ್ತೆ ಕಣೋ, ಭುಜ ಕಾಣಲ್ಲ" ಅಂದರು. ಆಗ ಅವರಿಗೆ 71 ವರ್ಷ. ಅವತ್ತು ಬೆಳಗ್ಗೆ ಕೂಡ ಪೇಪರ್ ಓದಿದ್ದರು. ಕನ್ನಡಕ ಬದಲಾಯಿಸಿ ಒಂದು ವರ್ಷವೂ ಆಗಿರಲಿಲ್ಲ.

ಪರೀಕ್ಷೆ ಮಾಡಿದ ಮೇಲೆ ಗೊತ್ತಾಯಿತು, ಗ್ಲಾಕೋಮಾ. ಅಂದರೆ ಕಣ್ಣಿನ ನರ ನಿಧಾನಕ್ಕೆ ಹಾಳಾಗುವ ಕಾಯಿಲೆ. ಎರಡೂ ಕಣ್ಣಿನಲ್ಲಿತ್ತು, ಎಡಗಣ್ಣಿನಲ್ಲಿ ತುಂಬಾ ಮುಂದುವರಿದಿತ್ತು. ಹೋದ ದೃಷ್ಟಿ ವಾಪಸ್ ಬರುವುದಿಲ್ಲ, ಉಳಿದಿರುವುದನ್ನು ಕಾಪಾಡಿಕೊಳ್ಳಬಹುದು ಅಂತ ಡಾಕ್ಟರ್ ಹೇಳಿದರು. ಇದು ಒಂದು ವಾರದಲ್ಲಿ ಬಂದ ಕಾಯಿಲೆ ಅಲ್ಲ, ವರ್ಷಗಟ್ಟಲೆ ಒಳಗೇ ಬೆಳೆದಿದ್ದು. ಅಷ್ಟೂ ವರ್ಷ ನಾವು "ದೊಡ್ಡಪ್ಪನ ಕಣ್ಣು ಇನ್ನೂ ಗಟ್ಟಿಯಾಗಿದೆ" ಅಂತ ಹೇಳಿಕೊಂಡು ಓಡಾಡುತ್ತಿದ್ದೆವು.

ವಯಸ್ಸಾದವರ ಕಣ್ಣಿನ ವಿಷಯದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇದೇ. ಕಣ್ಣು ತನ್ನ ನಷ್ಟವನ್ನು ತಾನೇ ಮುಚ್ಚಿಡುತ್ತದೆ. ಹಾಗಾಗಿ "ನನಗೇನೂ ತೊಂದರೆ ಇಲ್ಲ" ಅನ್ನುವ ಮಾತಿನಿಂದ ಕಣ್ಣು ಸರಿಯಾಗಿದೆಯೋ ಇಲ್ಲವೋ ಅಂತ ತಿಳಿಯುವುದಿಲ್ಲ. ಹೇಳುವವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ನಿಜವಾಗಿಯೂ ಗೊತ್ತಾಗುತ್ತಿಲ್ಲ.

ನಂಬಿಕೆ ಬರದಿದ್ದರೆ ಈಗಲೇ ಒಂದು ಕಾಗದ ತೆಗೆದುಕೊಳ್ಳಿ. ಅಕ್ಕಪಕ್ಕ ಎರಡು ಚುಕ್ಕಿ ಇಡಿ, ನಡುವೆ ಸುಮಾರು 8 ಸೆಂಟಿಮೀಟರ್ ಅಂತರ ಇರಲಿ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಎಡಗಡೆಯ ಚುಕ್ಕಿಯನ್ನೇ ನೋಡುತ್ತಾ ಕಾಗದವನ್ನು ನಿಧಾನಕ್ಕೆ ಹತ್ತಿರ ತನ್ನಿ. ಸುಮಾರು 30 ಸೆಂಟಿಮೀಟರ್ ದೂರದಲ್ಲಿ ಬಲಗಡೆಯ ಚುಕ್ಕಿ ಮಾಯವಾಗುತ್ತದೆ. ಅಲ್ಲಿ ಕಪ್ಪು ತೂತು ಕಾಣುತ್ತದಾ? ಇಲ್ಲ. ಬರೀ ಬಿಳಿ ಕಾಗದ ಕಾಣುತ್ತದೆ. ಕಣ್ಣಿನ ನರ ಹೊರಗೆ ಹೋಗುವ ಜಾಗದಲ್ಲಿ ಬೆಳಕನ್ನು ಹಿಡಿಯುವ ಕೋಶಗಳೇ ಇಲ್ಲ, ಆದ್ದರಿಂದ ಅಷ್ಟು ಜಾಗ ನಮಗೆಲ್ಲರಿಗೂ ಹುಟ್ಟಿನಿಂದಲೇ ಕುರುಡು. ಸುತ್ತಮುತ್ತ ಏನಿದೆಯೋ ಅದನ್ನೇ ಮೆದುಳು ಅಲ್ಲಿಗೆ ತುಂಬಿಬಿಡುತ್ತದೆ. ಗ್ಲಾಕೋಮಾದಲ್ಲಿ ನೋಟದ ಅಂಚುಗಳು ಒಂದೊಂದಾಗಿ ಕಳೆದುಹೋಗುವಾಗಲೂ ಮೆದುಳು ಇದೇ ಕೆಲಸ ಮಾಡುತ್ತದೆ. ಅದರ ಮೇಲೆ, ಒಂದು ಕಣ್ಣು ಬಿಟ್ಟಿದ್ದನ್ನು ಇನ್ನೊಂದು ಕಣ್ಣು ನೋಡಿಕೊಳ್ಳುತ್ತದೆ. ದೊಡ್ಡಪ್ಪನ ಬಲಗಣ್ಣು ಎಡಗಣ್ಣಿನ ಪಾಲಿನ ಕೆಲಸವನ್ನೂ ಸದ್ದಿಲ್ಲದೆ ಮಾಡುತ್ತಿತ್ತು.

"ಹೋದ ವರ್ಷ ತಾನೇ ಕಣ್ಣು ಟೆಸ್ಟ್ ಮಾಡಿಸಿದ್ದೀವಿ" ಅಂತ ಬಹಳ ಮನೆಗಳಲ್ಲಿ ಹೇಳುತ್ತಾರೆ. ಏನು ಟೆಸ್ಟ್ ಅಂತ ಕೇಳಿ ನೋಡಿ. ಹೆಚ್ಚಿನ ಸಲ ಅದು ಕನ್ನಡಕದ ನಂಬರ್ ನೋಡಿದ್ದು, ಅಷ್ಟೇ. ದೂರದ ಗೋಡೆಯ ಮೇಲಿನ ಅಕ್ಷರಗಳ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿಸುವ ಪದ್ಧತಿಯನ್ನು ಡಚ್ ವೈದ್ಯ ಹರ್ಮನ್ ಸ್ನೆಲೆನ್ 1862ರಲ್ಲಿ ತಂದರು. ಒಳ್ಳೆಯ ಪರೀಕ್ಷೆ, ಇವತ್ತಿಗೂ ಬೇಕೇ ಬೇಕು. ಆದರೆ ಅದು ನೋಡುವುದು ನಡುನೋಟವನ್ನು ಮಾತ್ರ. ಅಂಚುಗಳೆಲ್ಲ ಹೋಗಿ ನಡುವೆ ಸ್ವಲ್ಪ ಉಳಿದವರೂ ಕೊನೆಯ ಸಾಲಿನ ತನಕ ಸಲೀಸಾಗಿ ಓದಬಲ್ಲರು. ನಂಬರ್ ಪರೀಕ್ಷೆ ಬೇರೆ, ಕಣ್ಣಿನ ಪರೀಕ್ಷೆ ಬೇರೆ. ಇಷ್ಟು ತಿಳಿದುಕೊಂಡರೂ ಎಷ್ಟೋ ಕಣ್ಣು ಉಳಿಯುತ್ತವೆ ಅಂತ ನನ್ನ ನಂಬಿಕೆ.

ಪೂರ್ತಿ ಪರೀಕ್ಷೆ ಅಂದರೆ ಹೇಗಿರುತ್ತದೆ? ದೊಡ್ಡಪ್ಪನ ಜೊತೆ ಕೂತು ನೋಡಿದ್ದನ್ನೇ ಹೇಳುತ್ತೇನೆ. ಮೊದಲು ಅಕ್ಷರ ಓದಿಸಿದರು, ಒಂದೊಂದೇ ಕಣ್ಣು ಮುಚ್ಚಿ. ಆಮೇಲೆ ಕಣ್ಣಿನೊಳಗಿನ ಒತ್ತಡ ನೋಡಿದರು. ಗಲ್ಲವನ್ನು ಒಂದು ಪಟ್ಟಿಯ ಮೇಲಿಟ್ಟು, ಹಣೆ ಒತ್ತಿಕೊಂಡು ಕೂರಬೇಕು. ಡಾಕ್ಟರ್ ಎದುರಿಗೆ ಕೂತು, ತೆಳ್ಳಗಿನ ಬೆಳಕಿನ ಗೆರೆಯೊಂದನ್ನು ಕಣ್ಣಿನ ಮೇಲೆ ಹಾಯಿಸುತ್ತಾ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ನಂತರ ಡ್ರಾಪ್ಸ್ ಹಾಕಿ ಕೂರಿಸಿದರು. ಸುಮಾರು ಅರ್ಧ ಗಂಟೆಯಲ್ಲಿ ಪಾಪೆ ಅಗಲವಾಯಿತು. ಅಗಲವಾದ ಮೇಲೆಯೇ ಕಣ್ಣಿನ ಹಿಂಬದಿಯ ಪರದೆ, ಅಂದರೆ ರೆಟಿನಾ, ಅದರ ರಕ್ತನಾಳಗಳು, ನರದ ಬುಡ ಎಲ್ಲ ಚೆನ್ನಾಗಿ ಕಾಣುವುದು. ಹೀಗೆ ಬದುಕಿರುವ ಮನುಷ್ಯನ ಕಣ್ಣಿನೊಳಗೆ ನೋಡುವ ಸಾಧನವನ್ನು ಜರ್ಮನಿಯ ಹೆರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಪ್ರಕಟಿಸಿದರು. ಕೊಯ್ಯದೆ, ಚುಚ್ಚದೆ ರಕ್ತನಾಳವನ್ನೂ ನರವನ್ನೂ ನೇರವಾಗಿ ನೋಡಬಹುದಾದ ಜಾಗ ಅದು.

ಕೊನೆಗೆ ಒಂದು ಬಟ್ಟಲಿನಂಥ ಯಂತ್ರದ ಮುಂದೆ ಕೂರಿಸಿ, ಕೈಗೊಂದು ಗುಂಡಿ ಕೊಟ್ಟರು. ನಡುವಿನ ಚುಕ್ಕಿಯನ್ನೇ ನೋಡುತ್ತಿರಬೇಕು, ಅಲ್ಲಿ ಇಲ್ಲಿ ಸಣ್ಣ ಬೆಳಕು ಮಿನುಗಿದಾಗ ಗುಂಡಿ ಒತ್ತಬೇಕು. ಬಲಗಣ್ಣಿನ ಸರದಿಯಲ್ಲಿ ಟಕ್ ಟಕ್ ಅಂತ ಶಬ್ದ ಬರುತ್ತಿತ್ತು. ಎಡಗಣ್ಣಿನ ಸರದಿಯಲ್ಲಿ ತುಂಬಾ ಹೊತ್ತು ಶಬ್ದವೇ ಬರಲಿಲ್ಲ. "ಮೆಷಿನ್ ನಿಂತುಹೋಯ್ತೇನೋ" ಅಂದರು ದೊಡ್ಡಪ್ಪ. ಮೆಷಿನ್ ನಡೆಯುತ್ತಲೇ ಇತ್ತು. ಹೊರಗೆ ನಿಂತವನಿಗೆ ಆ ಬೆಳಕುಗಳು ಒಂದೊಂದೂ ಕಾಣುತ್ತಿದ್ದವು.

ಒತ್ತಡದ ಬಗ್ಗೆ ಒಂದು ಮಾತು. ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸ ಅಂತ ಲೆಕ್ಕ ಹಾಕುತ್ತಾರೆ. ಆದರೆ ಒತ್ತಡ ಈ ಮಿತಿಯಲ್ಲೇ ಇದ್ದೂ ಗ್ಲಾಕೋಮಾ ಆಗುವವರಿದ್ದಾರೆ, ಮಿತಿ ದಾಟಿಯೂ ನರ ಚೆನ್ನಾಗಿರುವವರಿದ್ದಾರೆ. ಹಾಗಾಗಿ ಒತ್ತಡ ಒಂದನ್ನೇ ಅಳೆದು "ನಾರ್ಮಲ್" ಅಂದರೆ ಸಾಲದು, ನರದ ಬುಡವನ್ನು ಕಣ್ಣಾರೆ ನೋಡಬೇಕು. ಒಂದು ಕಣ್ಣಿನ ನರದಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಎಳೆಗಳಿವೆ. ಅವು ಒಮ್ಮೆ ಸತ್ತರೆ ಮತ್ತೆ ಬೆಳೆಯುವುದಿಲ್ಲ.

ಪೊರೆಯ ಕಥೆ ಬೇರೆ. ವಯಸ್ಸಾದಂತೆ ಕಣ್ಣಿನ ಲೆನ್ಸಿನಲ್ಲಿರುವ ಪ್ರೋಟೀನುಗಳು ಗಂಟುಗಟ್ಟಿ ಲೆನ್ಸ್ ಮಬ್ಬಾಗುತ್ತದೆ. ಇದರಲ್ಲಿ ಹೋದ ದೃಷ್ಟಿ ಆಪರೇಷನ್ ಮಾಡಿಸಿದರೆ ವಾಪಸ್ ಬರುತ್ತದೆ, ಅದೇ ದೊಡ್ಡ ಸಮಾಧಾನ. ಆದರೆ ಇಲ್ಲೂ ಕಣ್ಣು ಮೋಸ ಮಾಡುತ್ತದೆ. ನಲವತ್ತು ದಾಟುತ್ತಿದ್ದಂತೆ ಎಲ್ಲರಿಗೂ ಚಾಳೀಸು ಬರುತ್ತದೆ, ಓದಲು ಕನ್ನಡಕ ಬೇಕಾಗುತ್ತದೆ. ಅರವತ್ತೈದೋ ಎಪ್ಪತ್ತೋ ಆದಾಗ ಕೆಲವರು ಇದ್ದಕ್ಕಿದ್ದಂತೆ ಕನ್ನಡಕ ತೆಗೆದಿಟ್ಟು ಸಣ್ಣ ಅಕ್ಷರ ಓದತೊಡಗುತ್ತಾರೆ. "ನೋಡು, ನನ್ನ ಕಣ್ಣು ತಾನಾಗೇ ಸರಿಹೋಯ್ತು" ಅಂತ ಖುಷಿಪಡುತ್ತಾರೆ. ಸರಿಹೋಗಿರುವುದಿಲ್ಲ. ಲೆನ್ಸಿನ ನಡುಭಾಗ ಗಟ್ಟಿಯಾಗುತ್ತಾ ಬಂದಾಗ ಬೆಳಕು ಬಾಗುವ ರೀತಿ ಬದಲಾಗಿ ಹತ್ತಿರದ್ದು ಕೆಲಕಾಲ ಸ್ಪಷ್ಟವಾಗುತ್ತದೆ, ದೂರದ್ದು ಮಸುಕಾಗುತ್ತದೆ. ಅದು ಪೊರೆ ಬೆಳೆಯುತ್ತಿರುವ ಗುರುತು. ಮನೆಯಲ್ಲಿ ಯಾರಾದರೂ ಹೀಗೆ ಹೇಳಿದರೆ ಸುಮ್ನೆ ಖುಷಿಪಟ್ಟು ಬಿಡಬೇಡಿ, ಒಮ್ಮೆ ತೋರಿಸಿ.

ಇನ್ನೊಂದು ಹಳೆಯ ಮಾತು, "ಪೊರೆ ಇನ್ನೂ ಬಲಿತಿಲ್ಲ, ಬಲಿತ ಮೇಲೆ ತೆಗೆಸೋಣ." ಒಂದು ಕಾಲಕ್ಕೆ ಅದು ಸರಿಯಾದ ಮಾತೇ ಆಗಿತ್ತು. ಆಗ ಲೆನ್ಸನ್ನು ಇಡಿಯಾಗಿ ತೆಗೆಯುತ್ತಿದ್ದರು, ಬದಲಿಗೆ ಹಾಕಲು ಏನೂ ಇರಲಿಲ್ಲ, ದಪ್ಪ ಗಾಜಿನ ಕನ್ನಡಕವೇ ಗತಿ. ಎರಡನೇ ಮಹಾಯುದ್ಧದಲ್ಲಿ ವಿಮಾನದ ಮುಚ್ಚಳದ ಪ್ಲಾಸ್ಟಿಕ್ ಚೂರುಗಳು ಪೈಲಟ್‌ಗಳ ಕಣ್ಣಿಗೆ ಸಿಡಿದು ಒಳಗೇ ಉಳಿದರೂ ಕಣ್ಣು ಅವುಗಳನ್ನು ಸಹಿಸಿಕೊಂಡಿದ್ದನ್ನು ಲಂಡನ್ನಿನ ವೈದ್ಯ ಹ್ಯಾರಲ್ಡ್ ರಿಡ್ಲಿ ಗಮನಿಸಿದರು. ಅದೇ ಬಗೆಯ ಪ್ಲಾಸ್ಟಿಕ್ಕಿನಿಂದ ಲೆನ್ಸ್ ಮಾಡಿಸಿ 1949ರಲ್ಲಿ ಮೊದಲ ಸಲ ರೋಗಿಯೊಬ್ಬರ ಕಣ್ಣಿಗೆ ಹಾಕಿದರು. 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್ ಶಬ್ದತರಂಗಗಳಿಂದ ಪೊರೆಯನ್ನು ಪುಡಿಮಾಡಿ ಸಣ್ಣ ರಂಧ್ರದಿಂದ ಹೀರಿ ತೆಗೆಯುವ ವಿಧಾನ ತಂದರು. ಈ ವಿಧಾನಕ್ಕೆ ಬಲಿತ ಪೊರೆಯೇ ಕಷ್ಟ. ಅತಿಯಾಗಿ ಬಲಿತರೆ ಲೆನ್ಸ್ ಊದಿ ಅಥವಾ ಸೋರಿ ಕಣ್ಣಿನ ಒತ್ತಡ ಏರುವುದೂ ಉಂಟು. ಈಗ ಕೇಳಬೇಕಾದ ಪ್ರಶ್ನೆ ಪೊರೆ ಬಲಿತಿದೆಯಾ ಅಂತಲ್ಲ. ಅದರಿಂದ ಓದುವುದು, ನಡೆಯುವುದು, ಗಾಡಿ ಓಡಿಸುವುದು ಕಷ್ಟವಾಗಿದೆಯಾ ಅಂತ.

ಸಕ್ಕರೆ ಕಾಯಿಲೆ ಇದ್ದವರಿಗೆ ನಾನು ಚುಟುಕಾಗಿ ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ವಾದಕ್ಕೆ ಜಾಗವೇ ಇಲ್ಲ. ವಯಸ್ಸಾದ ಮೇಲೆ ಬರುವ ಟೈಪ್ 2 ಶುಗರ್ ಪತ್ತೆಯಾದ ಕೂಡಲೇ ಪಾಪೆ ಅಗಲಿಸಿ ರೆಟಿನಾ ನೋಡಿಸಬೇಕು, ಆಮೇಲೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ರೆಟಿನಾದ ರಕ್ತನಾಳಗಳು ಸೋರತೊಡಗಿದಾಗ ನೋವು ಇರುವುದಿಲ್ಲ, ಮೊದಮೊದಲು ಮಸುಕೂ ಇರುವುದಿಲ್ಲ. ಮಸುಕಾದ ಮೇಲೆ ಓಡಿಬಂದರೆ ಲೇಸರ್, ಇಂಜೆಕ್ಷನ್ ಎಲ್ಲ ಮಾಡಿದರೂ ಮೊದಲಿನಷ್ಟು ಸಿಗದೇ ಹೋಗಬಹುದು.

ರೆಟಿನಾದ ನಡುಮಧ್ಯದಲ್ಲಿ ಮ್ಯಾಕುಲಾ ಅಂತ ಒಂದು ಸಣ್ಣ ಜಾಗವಿದೆ. ಮುಖ ಗುರುತಿಸುವುದು, ಅಕ್ಷರ ಓದುವುದು ಎಲ್ಲ ಅಲ್ಲಿಂದಲೇ. ವಯಸ್ಸಿನ ಜೊತೆ ಅದು ಸವೆಯುವ ಕಾಯಿಲೆಯಲ್ಲಿ ಎರಡು ಬಗೆ. ಒಣ ಬಗೆ ನಿಧಾನ. ಒದ್ದೆ ಬಗೆಯಲ್ಲಿ ಹೊಸ ರಕ್ತನಾಳಗಳು ತಪ್ಪು ಜಾಗದಲ್ಲಿ ಬೆಳೆದು ಸೋರುತ್ತವೆ, ಅದು ದಿನಗಳಲ್ಲಿ, ವಾರಗಳಲ್ಲಿ ಕೆಡಿಸುತ್ತದೆ. 2000ದ ದಶಕದ ಮಧ್ಯಭಾಗದಿಂದ ಇದಕ್ಕೆ ಕಣ್ಣಿನೊಳಗೆ ಕೊಡುವ ಇಂಜೆಕ್ಷನ್‌ಗಳು ಬಂದಿವೆ, ಬೇಗ ಶುರುಮಾಡಿದಷ್ಟೂ ಹೆಚ್ಚು ದೃಷ್ಟಿ ಉಳಿಯುತ್ತದೆ. ಇಲ್ಲಿ ಮನೆಯಲ್ಲೇ ಮಾಡಿಕೊಳ್ಳಬಹುದಾದ ಒಂದು ಕೆಲಸವಿದೆ. ಒಂದೊಂದೇ ಕಣ್ಣು ಮುಚ್ಚಿ ಕಿಟಕಿಯ ಸರಳನ್ನೋ ಬಾಗಿಲ ಚೌಕಟ್ಟನ್ನೋ ನೋಡುವುದು. ನೇರ ಗೆರೆ ಡೊಂಕಾಗಿ ಕಂಡರೆ, ನಡುವೆ ಅಳಿಸಿದಂತೆ ಕಂಡರೆ ಅವತ್ತೇ ಹೊರಡಬೇಕು. ಸಿಗರೇಟು ಈ ಕಾಯಿಲೆಯನ್ನು ಹೆಚ್ಚಿಸುತ್ತದೆ, ಅದರಲ್ಲಿ ಅನುಮಾನವೇ ಇಲ್ಲ. "ಕಣ್ಣಿಗೆ ಒಳ್ಳೆಯದು" ಅಂತ ಮಾರುವ ಮಾತ್ರೆಗಳ ಮಾತು ಬೇರೆ. ದೊಡ್ಡ ಅಧ್ಯಯನಗಳಲ್ಲಿ ಒಂದು ನಿರ್ದಿಷ್ಟ ವಿಟಮಿನ್ ಮಿಶ್ರಣ ಉಪಯೋಗಕ್ಕೆ ಬಂದಿದ್ದು ಮಧ್ಯಮ ಹಂತದ ಕಾಯಿಲೆ ಇದ್ದವರಿಗೆ, ಕಣ್ಣು ಸರಿಯಿದ್ದವರಿಗಲ್ಲ.

ಮ್ಯಾಕುಲಾ ಹಾಳಾದವರಲ್ಲಿ ಕೆಲವರಿಗೆ ಇಲ್ಲದ್ದು ಕಾಣುತ್ತದೆ. ಗೋಡೆಯ ಮೇಲೆ ಬಳ್ಳಿಯ ಚಿತ್ತಾರ, ಮೂಲೆಯಲ್ಲಿ ಕೂತ ಮಗು, ಸಾಲಾಗಿ ಹೋಗುವ ಜನ. ಸದ್ದಿಲ್ಲ, ಮಾತಿಲ್ಲ, ಚಿತ್ರ ಮಾತ್ರ. ಕಣ್ಣಿನಿಂದ ಸುದ್ದಿ ಬರುವುದು ಕಡಿಮೆಯಾದಾಗ ಮೆದುಳು ತಾನೇ ಚಿತ್ರ ಕಟ್ಟಿಕೊಳ್ಳುತ್ತದೆ. ಸ್ವಿಟ್ಜರ್ಲೆಂಡಿನ ಚಾರ್ಲ್ಸ್ ಬಾನೆ 1760ರಲ್ಲಿ ತಮ್ಮ ತಾತನಿಗೆ ಹೀಗೆ ಆಗುತ್ತಿದ್ದುದನ್ನು ಬರೆದಿಟ್ಟರು. ತಾತನ ಬುದ್ಧಿ ಚೆನ್ನಾಗಿಯೇ ಇತ್ತು, ಕಾಣುವುದು ನಿಜವಲ್ಲ ಅಂತಲೂ ಅವರಿಗೆ ಗೊತ್ತಿತ್ತು. ಇವತ್ತಿಗೂ ಎಷ್ಟೋ ಹಿರಿಯರು ಇದನ್ನು ಯಾರಿಗೂ ಹೇಳುವುದಿಲ್ಲ. ಹುಚ್ಚು ಅಂದುಕೊಂಡಾರು, ಮರೆವಿನ ಕಾಯಿಲೆ ಅಂದಾರು ಅನ್ನುವ ಭಯ. ರಾತ್ರಿಯೆಲ್ಲ ಆ ಭಯವನ್ನು ಒಬ್ಬರೇ ನುಂಗಿಕೊಂಡು ಮಲಗಿರುವುದನ್ನು ನೆನೆದರೆ ಸಂಕಟವಾಗುತ್ತದೆ. ಕಣ್ಣಿನ ಡಾಕ್ಟರ್ "ನಿಮಗೆ ಹೀಗೇನಾದರೂ ಕಾಣುತ್ತದಾ, ಇದು ಕಣ್ಣಿನಿಂದ ಆಗುವಂಥದ್ದು, ತಲೆ ಕೆಟ್ಟಿದ್ದಲ್ಲ" ಅಂತ ಒಂದು ಮಾತು ಹೇಳಿದರೆ ಅರ್ಧ ಭಾರ ಇಳಿಯುತ್ತದೆ.

ಮರೆವಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಎದುರಿಗೆ ಬಂದವರನ್ನು ಗುರುತಿಸದಿದ್ದರೆ, ಪತ್ರ ಓದದೆ ಬದಿಗಿಟ್ಟರೆ, ಮಾತ್ರೆ ತಪ್ಪು ತೆಗೆದುಕೊಂಡರೆ ನಾವು ತಕ್ಷಣ "ಮರೆವು ಶುರುವಾಯ್ತು" ಅನ್ನುತ್ತೇವೆ. ಕಾಣುತ್ತಿಲ್ಲದಿರಬಹುದು ಅಂತ ಹೊಳೆಯುವುದೇ ಇಲ್ಲ. ಇದರ ಇನ್ನೊಂದು ಮುಖವೂ ಇದೆ. 2024ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ಆಯೋಗ ಡಿಮೆನ್ಷಿಯಾಕ್ಕೆ, ಅಂದರೆ ಮರೆವಿನ ಕಾಯಿಲೆಗೆ, ಕಾರಣವಾಗಬಲ್ಲ, ಆದರೆ ನಾವು ಬದಲಿಸಬಹುದಾದ 14 ಅಂಶಗಳ ಪಟ್ಟಿ ಕೊಟ್ಟಿತು. ಚಿಕಿತ್ಸೆ ಆಗದ ದೃಷ್ಟಿದೋಷ ಅದರಲ್ಲಿ ಹೊಸದಾಗಿ ಸೇರಿತು. 2022ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 65 ದಾಟಿ ಪೊರೆ ಬಂದವರ ಪೈಕಿ ಆಪರೇಷನ್ ಮಾಡಿಸಿಕೊಂಡವರಿಗೆ ಡಿಮೆನ್ಷಿಯಾ ಬರುವ ಸಾಧ್ಯತೆ ಸುಮಾರು 30% ಕಡಿಮೆ ಕಂಡಿತು. ಇದರಿಂದ ಆಪರೇಷನ್ನೇ ಡಿಮೆನ್ಷಿಯಾ ತಡೆಯಿತು ಅಂತ ಹೇಳಲು ಬರುವುದಿಲ್ಲ, ಗಟ್ಟಿಮುಟ್ಟಾಗಿರುವವರೇ ಆಪರೇಷನ್‌ಗೆ ಮುಂದೆ ಬಂದಿರಬಹುದು. ಆದರೂ ಕಣ್ಣು ಮಸುಕಾದವರು ಓದುವುದು ಬಿಡುತ್ತಾರೆ, ಹೊರಗೆ ಹೋಗುವುದು ಬಿಡುತ್ತಾರೆ, ಮಾತು ಕಡಿಮೆಯಾಗುತ್ತದೆ. ಮೆದುಳಿಗೆ ಕೆಲಸವೇ ಇಲ್ಲದ ಹಾಗಾಗುತ್ತದೆ. ಇದು ಕಣ್ಣಮುಂದೆಯೇ ನಡೆಯುವ ಸಂಗತಿ ಅಲ್ವಾ?

ಬೀಳುವುದು ಇನ್ನೊಂದು. ಮೆಟ್ಟಿಲಿನ ಅಂಚು ಕಾಣದೆ ಬಿದ್ದು ಸೊಂಟದ ಮೂಳೆ ಮುರಿದರೆ ಆ ವಯಸ್ಸಿನಲ್ಲಿ ಚೇತರಿಸಿಕೊಳ್ಳುವುದು ತುಂಬಾ ಕಷ್ಟ. ಇಲ್ಲಿ ಒಂದು ಎಚ್ಚರಿಕೆ ಕೂಡ ಬೇಕು. ಹತ್ತು ವರ್ಷ ಬಿಟ್ಟು ಒಮ್ಮೆ ಪರೀಕ್ಷೆ ಮಾಡಿಸಿದರೆ ನಂಬರ್ ಒಂದೇ ಸಲಕ್ಕೆ ಜಾಸ್ತಿ ಬದಲಾಗುತ್ತದೆ, ನೆಲ ಮೇಲೆ ಕೆಳಗೆ ಆದಂತೆ ಅನ್ನಿಸುತ್ತದೆ, ಹೊಸ ಕನ್ನಡಕವೇ ಬೀಳಿಸಬಹುದು. ಎರಡು ನಂಬರಿನ ಕನ್ನಡಕ ಹಾಕಿ ಮೆಟ್ಟಿಲಿಳಿಯುವಾಗ ಓದುವ ಭಾಗದಿಂದ ನೋಡಿದರೆ ಮೆಟ್ಟಿಲು ಮಸುಕಾಗಿ ಕಾಣುತ್ತದೆ. ಆಗಾಗ ತೋರಿಸುತ್ತಿದ್ದರೆ ಬದಲಾವಣೆ ಸಣ್ಣದಿರುತ್ತದೆ, ಹೊಂದಿಕೊಳ್ಳುವುದು ಸುಲಭ.

ಇಷ್ಟೆಲ್ಲ ಹೇಳಿದ ಮೇಲೆ ಎದುರು ವಾದವನ್ನೂ ಮುಂದಿಡಬೇಕು. ಅಮೆರಿಕದ ರೋಗತಡೆ ಸೇವೆಗಳ ಕಾರ್ಯಪಡೆ 2022ರಲ್ಲಿ, ತೊಂದರೆ ಹೇಳದ ಹಿರಿಯರ ದೃಷ್ಟಿಯನ್ನು ಸಾಮಾನ್ಯ ಕ್ಲಿನಿಕ್‌ಗಳಲ್ಲಿ ತಪಾಸಣೆ ಮಾಡುವುದರಿಂದ ಲಾಭವಿದೆಯೋ ಇಲ್ಲವೋ ಹೇಳಲು ಸಾಕಷ್ಟು ಪುರಾವೆ ಇಲ್ಲ ಅಂದಿತು. ಇದನ್ನು ಹಿಡಿದು "ಪರೀಕ್ಷೆಯೇ ಬೇಡ" ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕ್ಲಿನಿಕ್‌ನಲ್ಲಿ ಅಕ್ಷರ ಓದಿಸುವುದಕ್ಕೂ ಪಾಪೆ ಅಗಲಿಸಿ ನರ ನೋಡುವುದಕ್ಕೂ ಬಹಳ ವ್ಯತ್ಯಾಸವಿದೆ. ಇನ್ನು ಪರೀಕ್ಷೆ ಮಾಡಿ, ತೊಂದರೆ ಇದೆ ಅಂತ ಚೀಟಿ ಬರೆದುಕೊಟ್ಟು, ಆಮೇಲೆ ಆ ವ್ಯಕ್ತಿ ಕನ್ನಡಕ ತೆಗೆದುಕೊಂಡರಾ, ಚಿಕಿತ್ಸೆಗೆ ಹೋದರಾ ಅಂತ ಯಾರೂ ಕೇಳದಿದ್ದರೆ ಯಾವ ಪರೀಕ್ಷೆಯಿಂದಲೂ ಲಾಭವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಜಗತ್ತಿನಲ್ಲಿ ಕನಿಷ್ಠ 220 ಕೋಟಿ ಜನರಿಗೆ ದೃಷ್ಟಿಯ ತೊಂದರೆ ಇದೆ. ಅವರಲ್ಲಿ ಕನಿಷ್ಠ 100 ಕೋಟಿ ಜನರದ್ದು ತಡೆಯಬಹುದಾಗಿದ್ದುದು ಅಥವಾ ಇನ್ನೂ ಸರಿಮಾಡದೆ ಬಿಟ್ಟಿರುವುದು. ಆ ಪಟ್ಟಿಯಲ್ಲಿ ಮುಂದಿರುವುದು ಬರೀ ಕನ್ನಡಕ ಮತ್ತು ಪೊರೆ. ಪರಿಹಾರ ಗೊತ್ತಿದ್ದೂ ಕೈಗೆ ಸಿಗದ ತೊಂದರೆಗಳು ಇವು.

ಎಷ್ಟು ದಿನಕ್ಕೊಮ್ಮೆ? ಅಮೆರಿಕದ ನೇತ್ರವೈದ್ಯರ ಅಕಾಡೆಮಿಯ ಸಲಹೆ ಹೀಗಿದೆ. ತೊಂದರೆ ಇಲ್ಲದವರೂ 40ಕ್ಕೆ ಒಮ್ಮೆ ಪೂರ್ತಿ ಪರೀಕ್ಷೆ ಮಾಡಿಸಿಕೊಳ್ಳಬೇಕು, 65 ಆದ ಮೇಲೆ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ. ಶುಗರ್ ಇದ್ದರೆ, ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ, ಸ್ಟೀರಾಯ್ಡ್ ಮಾತ್ರೆ ಅಥವಾ ಡ್ರಾಪ್ಸ್ ಬಳಸುತ್ತಿದ್ದರೆ ಡಾಕ್ಟರ್ ಇನ್ನೂ ಬೇಗ ಕರೆಯಬಹುದು. ಹೋಗುವಾಗ ಹಳೆಯ ಕನ್ನಡಕ, ತೆಗೆದುಕೊಳ್ಳುವ ಎಲ್ಲ ಔಷಧಿಗಳ ಪಟ್ಟಿ ಒಯ್ಯಿರಿ. ಸಂಧಿವಾತಕ್ಕೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ವರ್ಷಗಟ್ಟಲೆ ನುಂಗಿದರೆ ರೆಟಿನಾಕ್ಕೆ ತೊಂದರೆಯಾಗಬಹುದು. ಪ್ರಾಸ್ಟೇಟ್‌ಗೆ ಕೊಡುವ ಟ್ಯಾಮ್ಸುಲೋಸಿನ್ ತೆಗೆದುಕೊಳ್ಳುವವರ ಪಾಪೆ ಪೊರೆಯ ಆಪರೇಷನ್ ನಡುವೆ ಕುಗ್ಗಿಬಿಡಬಹುದು, ಮೊದಲೇ ಗೊತ್ತಿದ್ದರೆ ಡಾಕ್ಟರ್ ಸಿದ್ಧರಾಗಿರುತ್ತಾರೆ. ಜೊತೆಗೆ ಒಬ್ಬರು ಇರಲಿ, ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಕಣ್ಣು ಮಬ್ಬಾಗಿರುತ್ತದೆ, ಬಿಸಿಲು ಚುಚ್ಚುತ್ತದೆ.

ಕೆಲವಕ್ಕೆ ಮುಂದಿನ ಪರೀಕ್ಷೆಯ ತನಕ ಕಾಯಲೇಬಾರದು. ಹಠಾತ್ತನೆ ಮಿಂಚು ಹೊಡೆದಂತೆ ಬೆಳಕು, ಕಪ್ಪು ಚುಕ್ಕಿಗಳ ಮಳೆ, ಪಕ್ಕದಿಂದ ಪರದೆ ಎಳೆದಂತೆ ಆಗುವುದು ರೆಟಿನಾ ಕಿತ್ತುಬರುತ್ತಿರುವ ಗುರುತಿರಬಹುದು. ಕಣ್ಣು ಕೆಂಪಾಗಿ ವಿಪರೀತ ನೋವು, ವಾಂತಿ, ದೀಪದ ಸುತ್ತ ಬಣ್ಣದ ಉಂಗುರ ಕಂಡರೆ ಒತ್ತಡ ಒಮ್ಮೆಲೇ ಏರಿರಬಹುದು. ವಯಸ್ಸಾದವರಿಗೆ ಹೊಸದಾಗಿ ಹಣೆಯ ಪಕ್ಕದ ಕಣತಲೆಯಲ್ಲಿ ನೋವು, ಅಗಿಯುವಾಗ ದವಡೆ ನೋವು, ಜೊತೆಗೆ ನೋಟ ಮಂಕಾದರೆ ರಕ್ತನಾಳದ ಉರಿಯೂತ ಇರಬಹುದು, ತಡಮಾಡಿದರೆ ಎರಡೂ ಕಣ್ಣು ಹೋಗಬಹುದು. ಒಂದು ಕಣ್ಣು ಕೆಲವೇ ನಿಮಿಷ ಕತ್ತಲಾಗಿ ಮತ್ತೆ ಸರಿಯಾದರೂ ಬಿಡಬೇಡಿ, ಪಾರ್ಶ್ವವಾಯುವಿನ ಮುನ್ಸೂಚನೆ ಅದಾಗಿರಬಹುದು. ಇವೆಲ್ಲ ಅದೇ ದಿನ ಆಸ್ಪತ್ರೆಗೆ ಓಡಬೇಕಾದವು.

ಹಿರಿಯರು ತಾವಾಗಿ ಹೇಳುವುದಿಲ್ಲ. "ವಯಸ್ಸಾಯ್ತಲ್ಲ, ಇದೆಲ್ಲ ಇದ್ದದ್ದೇ" ಅಂತ ಬಿಟ್ಟಿರುತ್ತಾರೆ, ಇಲ್ಲವೇ ಮಕ್ಕಳಿಗೆ ತೊಂದರೆ ಯಾಕೆ ಅಂತ. "ಕಣ್ಣು ಕಾಣುತ್ತಾ?" ಅಂತ ಕೇಳಿದರೆ "ಕಾಣುತ್ತೆ" ಅಂತಲೇ ಉತ್ತರ. ಸಂಜೆ ಹೊತ್ತು ಹೊರಗೆ ಹೋಗೋದು ಯಾಕೆ ಬಿಟ್ರಿ, ಓದುವಾಗ ಕಿಟಕಿ ಹತ್ತಿರಾನೇ ಯಾಕೆ ಕೂರ್ತೀರಿ, ಮೆಟ್ಟಿಲು ಇಳಿಯುವಾಗ ಗೋಡೆ ಯಾಕೆ ಹಿಡಿದುಕೊಳ್ತೀರಿ ಅಂತ ಕೇಳಿ ನೋಡಿ. ಮಾತು ಹೊರಗೆ ಬರುತ್ತದೆ. ಹಾಸಿಗೆ ಹಿಡಿದವರು, ಮರೆವಿನ ಕಾಯಿಲೆ ಇರುವವರು, ಅಕ್ಷರ ಓದಲಾರದವರು ಕೂಡ ಪರೀಕ್ಷೆ ಮಾಡಿಸಿಕೊಳ್ಳಬಹುದು. ಚಿತ್ರ ತೋರಿಸಿ, ರೆಟಿನಾಕ್ಕೆ ಬೆಳಕು ಹಾಯಿಸಿ ನಂಬರ್ ಕಂಡುಹಿಡಿಯುವ ದಾರಿಗಳಿವೆ. ಅವರನ್ನು ಪಟ್ಟಿಯಿಂದ ಬಿಡುವುದು ನನಗೆ ಸರಿಕಾಣುವುದಿಲ್ಲ.

ದೊಡ್ಡಪ್ಪ ಈಗ ದಿನಾ ರಾತ್ರಿ ಎರಡು ಬಗೆಯ ಡ್ರಾಪ್ಸ್ ಹಾಕಿಕೊಳ್ಳುತ್ತಾರೆ. ಮೊದಲನೆಯದು ಹಾಕಿ, ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಒತ್ತಿಕೊಂಡು ಕೂರುತ್ತಾರೆ. ಔಷಧಿ ಗಂಟಲಿಗೆ ಇಳಿಯಬಾರದಲ್ಲ. ಐದು ನಿಮಿಷ ಬಿಟ್ಟು ಎರಡನೆಯದು. ಬಲಗಣ್ಣಿನ ನೋಟ ಇಲ್ಲಿಯವರೆಗೆ ಹಾಗೇ ಇದೆ. ಗ್ಲಾಕೋಮಾ ಮಕ್ಕಳಿಗೂ ಬರುವ ಸಾಧ್ಯತೆ ಜಾಸ್ತಿ ಅಂತ ಡಾಕ್ಟರ್ ಹೇಳಿದ್ದರಿಂದ ಅವರ ಮಗ, ನಮ್ಮಣ್ಣ, ಒಂದೂ ತೊಂದರೆ ಇಲ್ಲದೆಯೇ ಪರೀಕ್ಷೆಗೆ ಹೋದ. ಅವನಿಗೆ 46. ಒಂದು ಕಣ್ಣಿನ ನರದ ಬುಡದಲ್ಲಿ ಅನುಮಾನ ಇದೆ ಅಂತ ಬಂತು. ನೋಟ ಒಂದಿಷ್ಟೂ ಹೋಗಿಲ್ಲ. ಆರು ತಿಂಗಳಿಗೆ ಮತ್ತೆ ಬರಲು ಹೇಳಿದ್ದಾರೆ.